ವೈನಿ ಕಡಿಯದ ಹಾಸು

ಪಕ್ಕದ ಮನೆಯ ವೈನಿಯ ಬಲಗೈಯ ಹೆಬ್ಬೆರಳು, ತೋರುಬೆರಳು ಯಾವಾಗಲೂ ಬೂದಿಬಣ್ಣ. ಎಷ್ಟು ತಿಕ್ಕಿ ತೊಳೆದರೂ ಹೋಗುತ್ತಿರಲಿಲ್ಲ. ಒಲೆಯ ಬೂದಿ ಹಚ್ಚಿಕೊಂಡು ನೂಲಿನ ಎಳೆಗೆ ಎಳೆ ಹೊಸೆದು ಕೂಡಿಸಿದ ಬೆರಳುಗಳವು. ಸ್ವಾತಂತ್ರ್ಯ ಬಂದು ನಾಲ್ಕೈದು ವರ್ಷವಾಗಿತ್ತು, ನಾನು ಅಸೂಟಿಯಿಂದ ಗಜೇಂದ್ರಗಡಕ್ಕೆ ಸೊಸೆಯಾಗಿ ಬಂದೆ. ತವರು ನೆನೆದು ಹಿತ್ತಲಲ್ಲಿ ಅಳುತ್ತಿದ್ದಾಗ ಗೋಡೆಯಾಚೆಯಿಂದ ಆ ಬೆರಳುಗಳು ಬಿಸಿರೊಟ್ಟಿ ಚಾಚಿದವು.

"ಅಳಬ್ಯಾಡ ಅನ್ನಂಗಿಲ್ಲವಾ. ಆದ್ರ ಉಂಡು ಅಳು!"

ಅಳುವ ಹೊತ್ತಿನಲ್ಲೇ ನನಗೆ ನಗು ಬಂತು. ಅಂದಿನಿಂದ ಆಕೆ ನನಗೆ ವೈನಿ, ಅತ್ತಿಗೆ.

ಆಕೆಯ ಗಂಡ ನೇಕಾರ. ತೊಟ್ಟಿಲಲ್ಲಿ ಮಗಳನ್ನೂ ಮಗ್ಗದ ಮೇಲೆ ಅರ್ಧ ನೇಯ್ದ ಸೀರೆಯನ್ನೂ ಬಿಟ್ಟು ದೊಡ್ಡ ಲಡಾಯಿಗೆ ಹೋದವನು ಬರ್ಮಾದಲ್ಲಿ ಸತ್ತ. ತಂತಿ ಬಂತು, ಹೆಣ ಬರಲಿಲ್ಲ. ವೈನಿ ಮಗ್ಗದ ಕುಣಿಗಿಳಿದು ಆ ಸೀರೆ ಮುಗಿಸಿದಳು. ಹಾಸು, ಅಂದರೆ ಮಗ್ಗಕ್ಕೆ ಉದ್ದಕ್ಕೆ ಹೂಡಿದ ಎಳೆಗಳು, ಮುಗಿದಾಗ ಗೇಣುದ್ದ ತುದಿಯನ್ನು ಬಾಚಣಿಗೆಯಂಥ ಹಣಿಗೆಯ ಹಲ್ಲುಗಳಲ್ಲೇ ಉಳಿಸಿ, ಅದಕ್ಕೆ ಹೊಸ ಹಾಸಿನ ಎಳೆ ಕೂಡಿಸುವುದು ಎಲ್ಲ ನೇಕಾರರ ಪದ್ಧತಿ. ಹಣಿಗೆ ಸವೆದರೆ ಮಾತ್ರ ಎಲ್ಲ ಕಡಿದು ಹೊಸದಾಗಿ ಶುರುಮಾಡುತ್ತಾರೆ. ವೈನಿಯ ಹಣಿಗೆಯ ಹಲ್ಲು ಮುರಿದಿದ್ದರೂ ಆಕೆ ಕಡಿದಿರಲಿಲ್ಲ.

"ಹೊಸಾದು ಹಾಕಬಾರದೇನ್ರಿ ವೈನಿ?" ಎಂದು ಕೇಳಿದೆ.

"ಅವರು ಕೂಡಿಸಿದ ಎಳಿಗೆ ಕೂಡಿಸ್ಕೋತ ಬಂದೀನಿ. ಇದೊಂದ ಉಳದೈತಿ ನನಗ. ಬಿಡಂಗಿಲ್ಲ ನೋಡು."

ರಾಜ್ಯ ಒಂದಾದ ಮರುವರ್ಷ ಮಗಳ ಮದುವೆ ನರಗುಂದದ ಹುಡುಗನೊಂದಿಗೆ ಗೊತ್ತಾಯಿತು. ಮದುವೆಯ ಸೀರೆಯನ್ನು ವೈನಿಯೇ ನೇಯಬೇಕಿತ್ತು. ಹೊಸ ಹಾಸು ಕೂಡಿಸುವ ದಿನ ನಾನೂ ಅಲ್ಲೇ ಇದ್ದೆ. ವೈನಿಯ ಮಾವ ಕತ್ತರಿ ಹಿಡಿದು ಬಂದರು.

"ಮದವಿ ಸೀರಿಗೆ ಸತ್ತಾಂವನ ಎಳಿ ಬ್ಯಾಡ. ಕಡೀ ಅದನ್ನ."

ಮಾವನೆದುರು ಎಂದೂ ದನಿ ಎತ್ತದ ವೈನಿ ಹಣಿಗೆಯ ಮೇಲೆ ಎರಡೂ ಕೈ ಇಟ್ಟಳು.

"ಮಾವಾರ, ನಿಮ್ಮ ಮಗನ್ನ ಮಣ್ಣ ಮಾಡಾಕೂ ಸಿಗಲಿಲ್ಲ ನಮಗ. ಮಗಳ ಮದವಿಗೆ ಬರಾಕ ಅವರಿಗೆ ಇದೊಂದ ಹಾದಿ ಐತ್ರಿ. ಕಡೀಬ್ಯಾಡ್ರಿ."

ಮುದುಕ ಕತ್ತರಿ ಅಲ್ಲೇ ಇಟ್ಟು ಒಳಗೆ ಹೋದರು. ಸಿಟ್ಟಾದರು ಎಂದುಕೊಂಡೆವು. ಅಯ್ಯೋ, ಬೊಗಸೆ ತುಂಬ ಒಲೆಯ ಬೂದಿ ತಂದು ಹಾಸಿನ ಆ ಬದಿಗೆ ಕೂತರು!

"ಕಣ್ಣ ಕಾಣೂದಿಲ್ಲವಾ. ನೀ ತುದಿ ಹಿಡದ ಕೊಡು, ನಾ ಹೊಸೀತೀನಿ."

ಸಂಜೆಯವರೆಗೂ ಇಬ್ಬರೂ ಎಳೆ ಕೂಡಿಸಿದರು. ಮಗಳು ಆ ಸೀರೆ ಉಟ್ಟು ಬಸ್ಸು ಹತ್ತಿದ ದಿನ ವೈನಿ ನನ್ನ ಹೆಗಲಿಗೆ ತಲೆಯಿಟ್ಟು ಅತ್ತಳು. "ಇಷ್ಟ ದಿನ ಅಪ್ಪ-ಮಗಳು ಇಬ್ಬರೂ ಮನ್ಯಾಗ ಇದ್ದಂಗ ಇತ್ತ ನೋಡು," ಎಂದಳು.

ಎಷ್ಟೋ ವರ್ಷಗಳ ಮೇಲೆ ವೈನಿ ತೀರಿಕೊಂಡಾಗಲೂ ಮಗ್ಗದ ಮೇಲೆ ಗೇಣುದ್ದ ತುದಿ ಉಳಿದಿತ್ತು. ನರಗುಂದದಿಂದ ಬಂದ ಮಗಳು ಕತ್ತರಿ ಕೇಳಿದಳು. ಕೊಡಲು ಮನಸ್ಸಾಗದಿದ್ದರೂ ಕೊಟ್ಟೆ. ಆಕೆ ತುದಿ ಕಡಿದು, ಎಳೆಗಳನ್ನೆಲ್ಲ ಕೂಡಿಸಿ ತಾಯಿಯ ಆ ಎರಡು ಬೆರಳುಗಳಿಗೆ ಸುತ್ತಿದಳು.

"ಅಪ್ಪನ್ನ ಕರಕೊಂಡ ಹೋಗು ಯವ್ವಾ," ಎಂದಳು.

ವೈನಿಯ ಜೊತೆ ಅದನ್ನೂ ಮಣ್ಣು ಮಾಡಿದೆವು. ಗೋಡೆಯಾಚೆ ಈಗ ಲಾಳಿಯ ಸದ್ದಿಲ್ಲ. ಕಣ್ಣು ತುಂಬಿದರೆ ಮೊದಲು ಒಂದು ರೊಟ್ಟಿ ಬಡಿದುಕೊಂಡು ತಿನ್ನುತ್ತೇನೆ.