ಆಮೆನ್ ಆಗುವ ತನಕ

ಏಳು ವರ್ಷ ನಾನು ಭಾಲ್ಕಿಯ ಕಾಲೇಜಿನಲ್ಲಿ ಪಾಠ ಹೇಳಿ ಮುಗಿಸಿ, ಬೀದರಿನ ಬಸ್ಸು ಹಿಡಿದು, ಪ್ರಯೋಗಾಲಯದಲ್ಲಿ ಕವಲೊಡೆದ ಪಾಲಿಮರ್ ಕಾಯಿಸಿದೆ. ಪಿಎಚ್‌.ಡಿ. ಹುಚ್ಚು. ಗ್ಲಿಸರಿನ್ನಿಗೆ ಒಂದು ಆಮ್ಲ ಸೇರಿಸಿ ಕಾಯಿಸಿದರೆ ಅಣುಗಳು ಜಾಲಿಗಿಡದ ಹಾಗೆ ಕವಲು ಬಿಡುತ್ತವೆ. ಉದ್ದ ಸರಪಳಿಗಳಂತೆ ತೊಡರಿಕೊಳ್ಳದಿರುವುದರಿಂದ ಅಷ್ಟೇ ತೂಕವಿದ್ದರೂ ಸಲೀಸಾಗಿ ಹರಿಯುತ್ತವೆ, ಬೇಗ ಕರಗುತ್ತವೆ. ಆದರೆ ಬೆಲ್ಲದ ಪಾಕದಂತೆ ಹದ ನೋಡಿ ಇಳಿಸಬೇಕು. ಹದ ಮೀರಿದರೆ ಕವಲಿಗೆ ಕವಲು ಬೆಸೆದು ಫ್ಲಾಸ್ಕಿನಲ್ಲಿರುವುದೆಲ್ಲ ಒಂದೇ ಮುದ್ದೆ. ಆಮೇಲೆ ಅದು ಯಾವುದರಲ್ಲೂ ಕರಗದು.

ಪ್ರಬಂಧ ಸಲ್ಲಿಸುವ ಕೊನೆಯ ಗಡುವಿಗೆ ಹತ್ತೇ ದಿನ ಇತ್ತು. ಒಂದು ಮಾದರಿ ಬಾಕಿ, ಆಮ್ಲವೂ ಒಂದು ಸಲಕ್ಕಾಗುವಷ್ಟೇ. ಮತ್ತೆ ತರಿಸಲು ತಿಂಗಳು ಬೇಕು. ಫ್ಲಾಸ್ಕಿನ ಪಾಕ ಆಗಷ್ಟೇ ಮಂದವಾಗುತ್ತಿದ್ದಾಗ ಔರಾದಿನಿಂದ ಅಪ್ಪ ಬುತ್ತಿ ಹಿಡಿದು ಬಂದರು. ನಿವೃತ್ತ ಮಾಸ್ತರು, ಚರ್ಚಿನ ಹಿರಿಯರು.

“ಪ್ರಾರ್ಥನಾ ಮಾಡ್ತೇನಿ, ಕಣ್ಣ ಮುಚ್ಚವ್ವ.”

“ಅಪ್ಪಾ, ಜಲ್ದಿ ಮುಗಸ್ರಿ.”

ನಮ್ಮ ಮನೆಯಲ್ಲಿ ಪ್ರಾರ್ಥನೆ ಜಲ್ದಿ ಮುಗಿದದ್ದೇ ಇಲ್ಲ. ಮೊದಲು ನನ್ನ ಗೈಡ್, ಆಮೇಲೆ ಅತ್ತೆಯ ಮೊಣಕಾಲು, ಆಮೇಲೆ ಹಲಬರ್ಗಾದ ಚಿಕ್ಕಪ್ಪನ ತೊಗರಿ. ಚಿಕ್ಕಂದಿನಲ್ಲಿ ಆಮೆನ್‌ಗೆ ಮೊದಲು ಕಣ್ಣು ತೆರೆದರೆ ತಲೆಗೆ ಮೊಟಕು ಬೀಳುತ್ತಿತ್ತು. ನಲವತ್ತರ ಹೆಂಗಸು ಆ ಮೊಟಕಿಗೆ ಹೆದರಿ ನಿಂತೆ. ಫ್ಲಾಸ್ಕಿನೊಳಗೆ ತಾನೇ ತಿರುಗಿ ಕಲಕುತ್ತಿದ್ದ ಅಯಸ್ಕಾಂತದ ಕಡ್ಡಿ ತಡವರಿಸಿ ನಿಂತದ್ದು ಕಿವಿಗೆ ಬಿತ್ತು. ಆಗಲೂ ಕಣ್ಣು ತೆರೆಯಲಿಲ್ಲ. ಈಗ ನೆನೆದರೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಆಮೆನ್ ಆಯಿತು. ಅಪ್ಪ ಗಾಜಿನ ಕಡ್ಡಿಯಿಂದ ಮುದ್ದೆಯನ್ನು ಒತ್ತಿ ನೋಡಿದರು.

“ಎಷ್ಟ ಗಟ್ಟಿ ಬಂದದ ನೋಡವ್ವ! ದೇವರು ಕೈ ಬಿಡಲಿಲ್ಲ.”

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. “ಹೂಂ ಅಪ್ಪಾ” ಅಂದೆ. ಇಬ್ಬರೂ ಕೂತು ರೊಟ್ಟಿ ತಿಂದೆವು.

ಗಡುವು ಮುಗಿಯಿತು, ನೋಂದಣಿ ರದ್ದಾದ ಪತ್ರ ಬಂತು. ಅಪ್ಪನಿಗೆ ಹೇಳಿಯೇ ಬಿಡಬೇಕೆಂದು ಪರ್ಸಿನಲ್ಲಿಟ್ಟುಕೊಂಡು ಆ ಭಾನುವಾರ ಔರಾದಿಗೆ ಹೋದೆ. ಚರ್ಚಿನಲ್ಲಿ ಅಪ್ಪ ಎದ್ದು ನಿಂತು ಸಾಕ್ಷಿ ಹೇಳಿದರು, ಮಗಳ ಕೆಲಸವನ್ನು ದೇವರು ಗಟ್ಟಿ ಮಾಡಿದ ಅಂತ. ಆಮೇಲೆ ಪ್ರಾರ್ಥನೆಗೆ ಎಲ್ಲರೂ ಕಣ್ಣು ಮುಚ್ಚಿದರು. ನಾನು ಮುಚ್ಚಲಿಲ್ಲ. ಪ್ರಾರ್ಥನೆ ಮಾಡುವಾಗ ಅಪ್ಪನ ಮುಖ ಹೇಗಿರುತ್ತದೆಂದು ನೋಡಿದ್ದು ಅದೇ ಮೊದಲು. ನನ್ನ ಹೆಸರು ಬಂದಾಗ ಆ ಮುಖ ಮಗುವಿನದರಂತೆ ಅರಳಿತು. ಪತ್ರ ಪರ್ಸಿನಲ್ಲೇ ಉಳಿಯಿತು.