ಮಡಿವಾಳೆಪ್ಪನ ಗನ್‌ಮೆಟಲ್ ರೀಲು

ಕಲಘಟಗಿಯ ಬಸ್‌ಸ್ಟ್ಯಾಂಡಿನ ಪಕ್ಕದಲ್ಲಿದ್ದ ಮಡಿವಾಳೆಪ್ಪನ ಲೇತ್ ಅಂಗಡಿಯಿಂದ ಒಮ್ಮೆ ರಿಪೇರಿಯಾಗಿ ಹೋದ ಸಾಮಾನು ತಿರುಗಿ ಬಂದದ್ದಿಲ್ಲ. ನೀರೆತ್ತುವ ಪಂಪಿರಲಿ, ಕಬ್ಬಿನ ಗಾಣವಿರಲಿ, ಅವನು ಬಿಗಿದ ಬೋಲ್ಟನ್ನು ಬಿಚ್ಚಲು ಅವನ ಮೊಮ್ಮಗನೇ ಹುಟ್ಟಿ ಬರಬೇಕು ಎನ್ನುತ್ತಿದ್ದರು. ಅವನು ಅಚ್ಚು ಕೂಡಿಸಿದ ಒಂದು ಚಕ್ಕಡಿಯ ಕಟ್ಟಿಗೆಯನ್ನೆಲ್ಲ ಗೆದ್ದಲು ತಿಂದು ಮುಗಿಸಿದ ಮೇಲೂ ಅಚ್ಚು ಮಾತ್ರ ಎರಡು ಗಾಲಿಗಳನ್ನು ಹಿಡಿದುಕೊಂಡು ಮೂರು ಮಳೆಗಾಲ ನಿಂತೇ ಇತ್ತಂತೆ. ನಾನು ಕಂಡಿಲ್ಲ. ಕಂಡವರು ಕಡಿಮೆ ಮಾಡಿ ಹೇಳಿದ್ದಾರೆ.

ಇಂಥವನ ಮೇಜಿನ ಮೇಲೆ ಎಪ್ಪತ್ನಾಲ್ಕನೇ ಇಸವಿಯಲ್ಲಿ ಫಕ್ರುಸಾಬ ಒಂದು ಮೀನಿನ ಗಾಳದ ರೀಲು ತಂದಿಟ್ಟ. ಇಬ್ಬರೂ ಕನ್ನಡ ಶಾಲೆಯಲ್ಲಿ ಬಾಜೂಬಾಜು ಕೂತು ಒಂದೇ ಛಡಿಯಿಂದ ಏಟು ತಿಂದವರು. ಫಕ್ರುಸಾಬ ಹದಿನೇಳು ವರ್ಷ ಮಿಲಿಟರಿಯಲ್ಲಿದ್ದು, ಬರುವಾಗ ಒಂದು ಪೆನ್ಶನ್ನನ್ನೂ ಸಾಹೇಬನೊಬ್ಬ ಖುಷಿಯಿಂದ ಕೊಟ್ಟ ಈ ವಿಲಾಯತಿ ರೀಲನ್ನೂ ತಂದಿದ್ದ. ಎರಡರಲ್ಲಿ ರೀಲಿನ ಮೇಲೆಯೇ ಪ್ರೀತಿ ಹೆಚ್ಚು.

"ಒಳಗ ಗಿಯರಿನ ಹಲ್ಲು ಉದುರ್‍ಯಾವಲೇ. ಹುಬ್ಬಳ್ಳ್ಯಾಗ ಮೂರು ಅಂಗಡಿ ತಿರಗಿ ಬಂದೆ. ಇದು ಯಾರ ಕೈಲೇನೂ ಆಗಂಗಿಲ್ಲಂದ್ರು."

ಮಡಿವಾಳೆಪ್ಪ ಎರಡು ಹೆಜ್ಜೆ ಹಿಂದೆ ಸರಿದಿದ್ದ. ಕೊರಳಲ್ಲಿ ಲಿಂಗ; ಹುಟ್ಟಿದ ಲಾಗಾಯ್ತು ಮೀನನ್ನು ಶಾಲೆಯ ಪಟದಲ್ಲಿ ಮಾತ್ರ ಕಂಡವನು. ಆದರೆ ಹುಬ್ಬಳ್ಳಿಯವರ ಕೈಲಾಗಲಿಲ್ಲ ಎಂಬ ಮಾತು ಕಿವಿಗೆ ಬಿದ್ದೊಡನೆ ಮುಂದೆ ಬಂದ.

"ಬೂದಿ ಹಚ್ಚಿ ತೊಳಕೊಂಡು ಬಾ. ಆಮ್ಯಾಲ ನೋಡೂಣು."

ತೊಳೆದದ್ದೂ ಆಯಿತು. ಅಂಗಡಿಯ ಹಿಂದೆಯೇ ಮನೆ. ಹೆಂಡತಿ ನೀಲಕ್ಕ ನಡುಬಾಗಿಲಿಗೆ ಬಂದು ನಿಂತಳು.

"ಅದನ್ನ ಹೊಸ್ತಿಲದಾಗ ಇಟ್ರ ನಾ ತವರಮನಿಗೆ ಹೊಂಟೆ ನೋಡ್ರಿ!"

ಹೀಗಾಗಿ ಶಸ್ತ್ರಕ್ರಿಯೆ ಬೇವಿನ ಗಿಡದ ಕೆಳಗೆ, ಒಂದು ಸ್ಟೂಲಿನ ಮೇಲೆ ನಡೆಯಿತು. ಮಡಿವಾಳೆಪ್ಪ ಗನ್‌ಮೆಟಲ್ ಎಂಬ ಗಟ್ಟಿ ಕಂಚಿನ ತುಂಡೊಂದನ್ನು ಲೇತಿನಲ್ಲಿ ತಿರುವಿ, ಸಾಸಿವೆ ಕಾಳಿನಷ್ಟು ಸಣ್ಣ ಹಲ್ಲುಗಳನ್ನು ಅರದಿಂದ ಒಂದೊಂದಾಗಿ ಕೊರೆದು ಹೊಸ ಗಿಯರು ಮಾಡಿದ. ಅಷ್ಟಕ್ಕೆ ನಿಲ್ಲಿಸಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ದಾರ ಸುತ್ತುವ ಉರುಳಿಯ ಮೇಲಿನ ನಟ್ಟು ಬಿಚ್ಚಿದಾಗ ಅದರಡಿ ಎಣ್ಣೆ ಕುಡಿದು ಕಪ್ಪಾದ ಅರಿವೆಯ ಬಿಲ್ಲೆಯೊಂದು ಕಂಡಿತು. ಜೋರಾಗಿ ಎಳೆದರೆ ಅದರ ಮೇಲೆ ಉರುಳಿ ಜಾರುತ್ತಿತ್ತು. ಜಾರುವುದೆಂದರೆ ಮಡಿವಾಳೆಪ್ಪನ ಕಸುಬಿನಲ್ಲಿ ಮಹಾಪಾಪ.

"ವಿಲಾಯತಿಯವರ ಕಳ್ಳತನ ನೋಡು! ಲೋಹ ಹಾಕೂದು ಬಿಟ್ಟು ಚಿಂದಿ ತುರುಕ್ಯಾರ," ಎಂದು ಅದನ್ನು ಕಿತ್ತೆಸೆದು, ಒಂದನ್ನೊಂದು ಕಚ್ಚಿ ಹಿಡಿಯುವ ಹಲ್ಲುಗಳಿದ್ದ ಎರಡು ಹಿತ್ತಾಳೆ ಬಿಲ್ಲೆಗಳನ್ನು ಕೂಡಿಸಿದ. ಇನ್ನು ಆನೆ ಎಳೆದರೂ ಉರುಳಿ ಎಳ್ಳಿನಷ್ಟೂ ಜಾರದು.

ವಾರದೊಳಗೆ ಫಕ್ರುಸಾಬ ಬಂದ. "ದೊಡ್ಡ ಕಾಟ್ಲಾ ಮೀನು ಹಿಡದಿತ್ತೋ. ದಾರ ಹರಕೊಂಡು ಹೋತು."

"ರೀಲಿಗೇನಾತು?"

"ರೀಲಿಗೇನೂ ಆಗಿಲ್ಲ."

"ಮತ್ತ ನನ್ನ ಹತ್ರ ಯಾಕ ಬಂದಿ? ದಪ್ಪನ್ನ ದಾರ ಹಾಕ್ಕೋ ಹೋಗು."

ದಪ್ಪ ದಾರ ಹಾಕಿಕೊಂಡ. ಮುಂದಿನ ವಾರ ಗಾಳದ ಬೆತ್ತ ಎರಡು ತುಂಡಾಯಿತು. ರೀಲಿಗೇನೂ ಆಗಿರಲಿಲ್ಲ. ಮಡಿವಾಳೆಪ್ಪ ಗಟ್ಟಿ ಬಿದಿರು ಹುಡುಕಲು ಹೇಳಿ, ಮೇಲೊಂದು ಹಿತ್ತಾಳೆ ಹಿಡಿಕೆ ಮಾಡಿಕೊಟ್ಟ. ಮೂರನೇ ವಾರ ಫಕ್ರುಸಾಬ ಮೈಯೆಲ್ಲ ಒದ್ದೆಯಾಗಿ, ಮೊಳಕೈ ತರಚಿಕೊಂಡು, ಒಂದೇ ಕಾಲಲ್ಲಿ ಚಪ್ಪಲಿ ಹಾಕಿಕೊಂಡು ಅಂಗಡಿಗೆ ನುಗ್ಗಿದ.

"ದಾರ ಹರೀಲಿಲ್ಲ, ಬಿದಿರು ಮುರೀಲಿಲ್ಲ. ನಾನ ಕೆರ್‍ಯಾಗ ಹೋದೆ! ಕೆರಿ ಒಂದು ಸುತ್ತು ಹೊಡಸಿ ದಂಡಿಗೆ ಒಗದು ಹೋತು ಮಗಂದು!"

"ರೀಲು?"

"ಅಗದಿ ಗಟ್ಟಿ ಐತಿ! ನಾ ಸತ್ರ ಗೋರಿ ಮ್ಯಾಲ ಅದನ್ನ ಇಡ್ರಿ!" ಎಂದು ರೀಲನ್ನು ಮೇಜಿನ ಮೇಲೆ ಕುಕ್ಕಿದ. "ನಿನ್ನ ಕೆಲಸ ಬರೋಬ್ಬರಿ ಇಲ್ಲೋ ಮಡಿವಾಳ. ವಾಪಸ್ ತಗೋ."

ಪಂಪು ರಿಪೇರಿಗೆ ತಂದಿದ್ದ ತಿರಕಪ್ಪನೆಂಬ ರೈತ ಈ ಮಾತು ಕೇಳಿದ. ತನ್ನ ಪಂಪನ್ನು ಮೆಲ್ಲಗೆ ಎತ್ತಿ ಹೆಗಲಿಗೇರಿಸಿದ. "ಅವಸರ ಇಲ್ರಿ, ಮತ್ತ ಬರ್ತೀನ್ರಿ," ಎಂದು ಇಳಿದು ಹೋದ. ಮಡಿವಾಳೆಪ್ಪನ ಮೈಗೆ ಬೆಂಕಿ ಬಿತ್ತು. ಇಪ್ಪತ್ತೆರಡು ವರ್ಷದಲ್ಲಿ ತಿರುಗಿ ಬಂದ ಮೊದಲ ಕೆಲಸ, ಅದೂ ಎಲ್ಲೂ ಕೆಡದೆ ಬಂದ ಕೆಲಸ! ಎರಡು ದಿನ ರೊಟ್ಟಿ ಸೇರಲಿಲ್ಲ. ರೀಲನ್ನು ಬಿಚ್ಚಿದ, ಕೂಡಿಸಿದ, ಬೈದ. ಅವನ ಬೈಗುಳಕ್ಕೆ ಬೇವಿನ ಗಿಡ ಅಕಾಲದಲ್ಲಿ ಎಲೆ ಉದುರಿಸಿತು.

ಮೂರನೇ ದಿನ ಮುಂಜಾನೆ ರೀಲನ್ನು ಎತ್ತಿಕೊಂಡು, ನಟ್ಟು ತಿರುವುವ ಪಾನಾ ಒಂದನ್ನು ಕಿಸೆಗೆ ಹಾಕಿಕೊಂಡು ಹೊರಟ. ನೀಲಕ್ಕ ಒಳಗಿನಿಂದಲೇ ಕೂಗಿದಳು: "ಕೆರಿಗೆ ಹೊಂಟ್ರೇನು? ಅಲ್ಲೇ ಹತ್ತು ಸಲ ಮುಳುಗೆದ್ದು ಬರ್ರಿ. ಮನ್ಯಾಗಿನ ನೀರು ಸಾಲಂಗಿಲ್ಲ!"

ಕೆರೆಯ ದಂಡೆಯಲ್ಲಿ ಫಕ್ರುಸಾಬ ರೀಲನ್ನು ಬಿದಿರಿಗೆ ಬಿಗಿದು, ಗಾಳಕ್ಕೆ ಹಿಟ್ಟಿನುಂಡೆ ಮೆತ್ತಿದ. "ಹೇಸಬ್ಯಾಡ, ಜ್ವಾಳದ ಹಿಟ್ಟದು. ಈ ಕೆರ್‍ಯಾಗಿನ ಕಾಟ್ಲಾ ಎಲ್ಲಾ ನಿಮ್ಮ ಪಂಕ್ತ್ಯಾಗ ಉಣ್ಣೂವ."

"ಬಾಯಿ ಮುಚ್ಚು. ಇಲ್ಲಿ ಕೊಡು," ಎಂದು ಮಡಿವಾಳೆಪ್ಪ ಬಿದಿರು ಹಿಡಿದ.

ಗಳಿಗೆ ಹೊತ್ತಿನಲ್ಲಿ ಎಳೆತ ಬಂತು. ಎರಡೂ ಭುಜದ ಕೀಲು ಸಡಿಲಾದಂತಾಗಿ, ಎಂಟು ಮಾರು ಕೆಸರಿನಲ್ಲಿ ಜಾರುತ್ತ ಹೋದ. ಪಂಪಾಗಲಿ ಗಾಣವಾಗಲಿ ಅವನನ್ನು ಹೀಗೆ ಎಂದೂ ಎಳೆದಿರಲಿಲ್ಲ. ಆ ತುದಿಯಲ್ಲಿರುವುದು ಭಾರವಲ್ಲ, ಸಿಟ್ಟು ಎಂದು ಕೈಗೆ ತಿಳಿಯಿತು. ಪಾನಾ ತೆಗೆದು ನಟ್ಟನ್ನು ಅರ್ಧ ಸುತ್ತು ಸಡಿಲಿಸಿದ. ಹಿತ್ತಾಳೆ ಬಿಲ್ಲೆಗಳು ಕಟಕಟ ಹಲ್ಲು ಕಡಿಯುತ್ತ ಜಾರಿದವು. ಮೀನು ಓಡಿತು, ದಣಿಯಿತು, ನಿಂತಿತು. ಬಿಗಿದ, ಬಂತು. ಸಡಿಲಿಸಿದ, ಓಡಿತು.

"ಚಿಂದಿ ಬೇಕಾಗಿತ್ತಲೇ ಫಕ್ರು! ಜಾರಾಕಂತನ ಇಟ್ಟಿದ್ರು!"

"ಜಾರೂದು ಆಮ್ಯಾಲ, ಮದಲ ಸುತ್ತೋ!" ಫಕ್ರುಸಾಬ ಎದೆಮಟ ನೀರಿಗಿಳಿದು ಎರಡೂ ಕೈ ಚಾಚಿದ್ದ. ಮೀನು ಅವನ ಹೊಟ್ಟೆಗೆ ತಾಗುವಷ್ಟು ಹತ್ತಿರ ಬಂದಿತ್ತು.

"ಇನ್ನೊಮ್ಮೆ ಪೂರಾ ಬಿಟ್ಟು ನೋಡ್ತೀನಿ ತಡಿ," ಎಂದ ಮಡಿವಾಳೆಪ್ಪ ನಟ್ಟನ್ನು ತಿರುವಿಯೇ ಬಿಟ್ಟ. ನಟ್ಟು ಕಳಚಿ ನೀರಿಗೆ ಬಿತ್ತು. ಅದರ ಹಿಂದೆ ಬಿಲ್ಲೆಗಳು, ಅವುಗಳ ಹಿಂದೆ ಉರುಳಿಯ ದಾರವೆಲ್ಲ ಮೀನಿನೊಂದಿಗೆ ಹೋಯಿತು. ಫಕ್ರುಸಾಬ ಆಡಿದ ಮಾತುಗಳು ಮಿಲಿಟರಿಯಲ್ಲಿ ಕಲಿತವು. ಕಾಗದ ಅವನ್ನು ತಾಳದು.

ಆ ಸಂಜೆ ಮಡಿವಾಳೆಪ್ಪ ಹೊಸ ನಟ್ಟು ತಿರುವಿದ. ನುಣ್ಣಗೆ ಉಜ್ಜಿದ ಎರಡು ಹಿತ್ತಾಳೆ ಬಿಲ್ಲೆಗಳ ನಡುವೆ, ಮಠದಿಂದ ರಿಪೇರಿಗೆ ಬಂದಿದ್ದ ಹಾರ್ಮೋನಿಯಂ ಪೇಟಿಯೊಳಗಿನ ಉಣ್ಣೆಬಟ್ಟೆಯಿಂದ ಕಾಸಗಲ ಕತ್ತರಿಸಿ ಇಟ್ಟ.

"ಭಜನಿ ಪೇಟಿ ಅರಿವಿ ಮೀನಿನ ಗಾಳಕ್ಕ!" ನೀಲಕ್ಕ ಹಣೆ ಚಚ್ಚಿಕೊಂಡಳು. "ಇನ್ನೇನು ಉಳೀತ್ರಿ ಮಾಡೂದು?"

ಮುಂದಿನ ಸಂತೆಯ ದಿನ ರಸ್ತೆಯ ಆಚೆ ಗದ್ದಲವೆದ್ದಿತು. ಫಕ್ರುಸಾಬ ಹೆಗಲ ಮೇಲೆ ಮೀನು ಹೊತ್ತು ನಿಂತಿದ್ದ. ಅದರ ಬಾಲ ಅವನ ಹಿಂದಿದ್ದವರು ಉಟ್ಟ ಧೋತರ ಒದ್ದೆ ಮಾಡುತ್ತಿತ್ತು. ಅಂಗಡಿಯ ಮಡಿ ಕೆಡಬಾರದೆಂದು ರಸ್ತೆ ಮಾತ್ರ ದಾಟಿರಲಿಲ್ಲ.

"ಮಡಿವಾಳಾ! ನಿನ್ನ ರೀಲಿಗೆ ಬಿದ್ದದ್ದೋ! ಹೊರಗ ಬಂದು ನೋಡೋ!"

ಸಂತೆಗೆ ಸಂತೆಯೇ ತಿರುಗಿ ನೋಡಿತು. ನೀಲಕ್ಕ ದಢಾರನೆ ಬಾಗಿಲು ಹಾಕಿದಳು. ಮಡಿವಾಳೆಪ್ಪ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದ. ಮೀನಿನ ಕಡೆ ಕಣ್ಣೆತ್ತಲಿಲ್ಲ. ಫಕ್ರುಸಾಬನ ಕೈಯಲ್ಲಿದ್ದ ರೀಲನ್ನು ಮಾತ್ರ ದೂರದಿಂದ ದಿಟ್ಟಿಸಿದ.

"ನಟ್ಟು ಎಷ್ಟು ಸುತ್ತು ತಿರುವಿದ್ದಿ?"

"ಒಂದೂವರಿ!"

"ಒಂದ ಸಾಕಾಗಿತ್ತು," ಎಂದು ಮಡಿವಾಳೆಪ್ಪ ಒಳಗೆ ಹೋಗಿ ಲೇತ್ ಚಾಲೂ ಮಾಡಿದ.