ಶ್ರೀಪಾದ ಕಾಕಾ ಕೀಳಿಸಿದ ಹಲಗೆ

ದಾರಿ ಕೇಳಿಕೊಂಡು ಬಂದವರಿಗೆ ಶ್ರೀಪಾದ ಕಾಕಾ ನೆಟ್ಟಗೆ ಉತ್ತರ ಕೊಟ್ಟದ್ದನ್ನು ನಾನು ಕಾಣೆ. ಬೆಟಗೇರಿಯ ನಮ್ಮ ಓಣಿಯ ಬಾಯಲ್ಲೇ ಅವರ ವಾಡೆ. ಸಂಜೆ ಕಟ್ಟೆಯ ಮೇಲೆ ಕೂತಾಗ ಪರಸ್ಥಳದವರು ಯಾರಾದರೂ ಬಂದು ಸ್ಟೇಷನ್ನಿಗೆ ಯಾವ ಕಡೆ ಎಂದರೆ ಕನ್ನಡಕವನ್ನು ಹಣೆಗೇರಿಸಿ, "ಇವತ್ತ ಹೋಗಾವ್ರೋ, ಇನ್ನ ಹತ್ತು ವರ್ಷ ಬಿಟ್ಟು ಹೋಗಾವ್ರೋ?" ಎಂದು ಕೇಳುವರು. ಬಂದವರು ತಬ್ಬಿಬ್ಬಾದರೆ ತೋರುಬೆರಳನ್ನು ಆಕಾಶಕ್ಕೆತ್ತಿ, ಹತ್ತು ವರ್ಷ ತಡೆದರೆ ಯಾರನ್ನೂ ಕೇಳುವ ಪ್ರಸಂಗವೇ ಬರುವುದಿಲ್ಲ, ದಾರಿಯನ್ನು ಮೇಲಿನಿಂದಲೇ ಹೇಳುತ್ತಾರೆ ಎಂದು ಉಪಗ್ರಹದ ಕತೆ ಶುರು ಮಾಡುವರು. ಆ ಕತೆ ಕೇಳುತ್ತ ಗಾಡಿ ತಪ್ಪಿಸಿಕೊಂಡವರೂ ಇದ್ದಾರೆ.

ಅವರು ನಮ್ಮ ಬಂಧುಗಳೇನಲ್ಲ. ಗುಡಿಯ ಪೂಜೆ, ಮಾಸ್ತರಿಕೆ, ಕಚೇರಿ ಎಂದು ಬಾಳಿದ ಮನೆತನ ಅವರದು. ನಾವು ಹರ್ತಿಯಿಂದ ಬಂದು ಅವರ ವಾಡೆಯ ಹಿಂದಿನ ಎರಡು ಖೋಲಿಗಳಲ್ಲಿ ಬಾಡಿಗೆಗಿದ್ದ ಒಕ್ಕಲಿನ ಜನ. ಆದರೆ ನನಗೆ, ನನ್ನ ಅಕ್ಕ ನೀಲವ್ವಗೆ ಲೆಕ್ಕ ಕಲಿಸಿದವರು ಕಾಕಾ. ಹೆಣ್ಣುಮಗಳಿಗೆ ಇಷ್ಟು ಓದು ಸಾಕು ಎಂದ ಅಪ್ಪನ ಕೂಡ ಜಗಳಾಡಿ ಅವಳನ್ನು ಮೆಟ್ರಿಕ್ ಮುಗಿಸುವತನಕ ಶಾಲೆಗೆ ಕಳಿಸಿದವರೂ ಅವರೇ. ಅವಳಿಗೆ ವರ ನೋಡಿದವರೂ ಅವರೇ. ಕಪ್ಪತಗುಡ್ಡದ ಮಗ್ಗುಲಿನ ಒಂದು ಸಣ್ಣ ಊರಿನ ಶಂಕ್ರಪ್ಪನನ್ನು ಕರೆದುಕೊಂಡು ಬಂದು, "ಹುಡುಗ ದುಡಿಯಾಂವ ಅದಾನ, ಮಾತು ಕಡಿಮಿ. ನಿನ್ನ ಮಗಳದು ಮಾತು ಭಾಳ. ಸರಿಹೋಗ್ತದ ತಗೋ," ಎಂದು ಅಪ್ಪನಿಗೆ ಹೇಳಿದ್ದು ನನಗೆ ಇನ್ನೂ ನೆನಪಿದೆ. ಸರಿಹೋಯಿತು ಕೂಡ. ಇಷ್ಟೆಲ್ಲ ಮಾಡಿದ ಮನುಷ್ಯನ ಮೇಲೆ ಸಿಟ್ಟಿಟ್ಟುಕೊಂಡು ಬದುಕುವುದು ಎಷ್ಟು ಕಷ್ಟ ಎಂಬುದು ಇಟ್ಟುಕೊಂಡವರಿಗೇ ಗೊತ್ತು.

ಕಾಕಾನ ಬಾಯಲ್ಲಿ ಸದಾ ಇದ್ದ ಮಾತು "ಮುಂದ ಬರೂದು ಐತೆಲ್ಲ" ಎಂಬುದು. ವಾಡೆಯ ಮಾಳಿಗೆ ಸೋರುತ್ತಿತ್ತು. ಮಣ್ಣು ಹಾಕಿಸಿರಿ ಎಂದು ಅವರ ಹೆಂಡತಿ, ನಮ್ಮ ಕಾಕು, ಗೋಗರೆದರೂ ಅವರು ಹಾಕಿಸಲಿಲ್ಲ. ಸೋರದಂಥ ಹೊಸ ನಮೂನೆಯ ಮಾಳಿಗೆ ಬರುವುದಿತ್ತಂತೆ. ಅದು ಬರುವತನಕ ಕಾಕು ಮಳೆಗಾಲದಲ್ಲಿ ಪಾತೇಲಿ ಹಿಡಿದುಕೊಂಡು ಖೋಲಿಯಿಂದ ಖೋಲಿಗೆ ಓಡಾಡುತ್ತಿದ್ದರು. ನಾವು ನಗುತ್ತಿದ್ದೆವು. ಮನೆಯೊಳಗೆ ಇದ್ದಷ್ಟು ದಿನ ಅದು ನಗುವಂಥದ್ದೇ ಆಗಿತ್ತು.

ಗದಗಿನಲ್ಲಿ ರಸ್ತೆ ಕೆಲಸಗಳನ್ನು ನೋಡಿಕೊಳ್ಳುವ ಒಂದು ಕಚೇರಿಯಲ್ಲಿ ಕಾಕಾ ಹೆಡ್ ಕ್ಲಾರ್ಕ್. ಅವರು ಟಿಪ್ಪಣಿ ಬರೆದರೆ ಸಾಹೇಬರು ಕೆಳಗೆ ಸಹಿ ಹಾಕುವರು, ಓದುವುದು ಅಪರೂಪ. ಎಂಬತ್ತರ ದಶಕದ ನಡುವೆ ಇರಬೇಕು, ಅಮೆರಿಕದವರು ತಮ್ಮ ಸೈನ್ಯಕ್ಕೆಂದು ಹಾರಿಸುತ್ತಿರುವ ದಾರಿ ತೋರುವ ಉಪಗ್ರಹಗಳನ್ನು ನಾಗರಿಕರ ಉಪಯೋಗಕ್ಕೂ ಬಿಡುತ್ತಾರೆ ಎಂಬ ಸುದ್ದಿ ಬಂತು. ಅದರ ಹಿಂದೆಯೇ, ಇಂಥ ಸೇವೆ ನಮ್ಮಲ್ಲಿ ಬಂದರೆ ಯಾವ ಯಾವ ಕೆಲಸಕ್ಕೆ ಬಳಸಬಹುದು ಎಂದು ಮೇಲಿನಿಂದ ಒಂದು ಸುತ್ತೋಲೆಯೂ ಬಂತು. ಉಳಿದ ಕಚೇರಿಗಳಲ್ಲಿ ಅದನ್ನು ಕಟ್ಟಿ ಇಟ್ಟಿರಬೇಕು. ಕಾಕಾ ರಜೆ ಹಾಕಿ, ಕಟ್ಟೆಯ ಮೇಲೆ ಕೂತು, ಇಡೀ ಸೀಮೆಗೆ ಒಂದು ಯೋಜನೆ ಬರೆದರು. ಬಸ್ಸಿನಲ್ಲಿ ಒಂದು ಯಂತ್ರ, ದವಾಖಾನೆಯ ಗಾಡಿಯಲ್ಲಿ ಒಂದು ಯಂತ್ರ, ಲಕ್ಷ್ಮೇಶ್ವರದ ಸಂತೆಗೆ ಹೋಗುವ ಲಾರಿಯಲ್ಲೂ ಒಂದು. ಕೊನೆಗೆ ತಮ್ಮದೇ ಬುದ್ಧಿಯಿಂದ ಒಂದು ಮಾತು ಸೇರಿಸಿದರು. ಇಂಥ ವ್ಯವಸ್ಥೆ ಬರುವುದು ಖಚಿತವಾದ್ದರಿಂದ ಕವಲುದಾರಿಗಳಲ್ಲಿ ಊರ ಹೆಸರಿನ ಹಲಗೆ ನಿಲ್ಲಿಸುವ ಖರ್ಚನ್ನು ಸದ್ಯಕ್ಕೆ ತಡೆಹಿಡಿಯತಕ್ಕದ್ದು. ಸಾಹೇಬರು ಸಹಿ ಹಾಕಿದರು.

ಅಕ್ಕನ ಊರಿಗೆ ಹೋಗಲು ಶಿರಹಟ್ಟಿಯಿಂದ ಮುಂಡರಗಿಯ ಕಡೆ ಹೋಗುವ ರಸ್ತೆ ಬಿಟ್ಟು ಒಳಗೆ ತಿರುಗಿದರೆ ಒಂದು ಕವಲು ಬರುತ್ತದೆ. ಬಲಕ್ಕೆ ಹೋದರೆ ಊರು. ಎಡಕ್ಕೆ ಹೋದರೆ ಗುಡ್ಡದ ಬುಡದ ಕಲ್ಲಿನ ಖಣಿ, ಅಲ್ಲಿಂದ ಮುಂದೆ ದಾರಿಯೇ ಇಲ್ಲ. ಎರಡೂ ಕಡೆ ಒಂದೇ ತರಹದ ಎರೆಹೊಲ. ಮೊದಲಿದ್ದ ಹಲಗೆಯನ್ನು ಲಾರಿಯೊಂದು ಬೀಳಿಸಿ ಹೋಗಿತ್ತು. ಕಚೇರಿಯಲ್ಲಿ ನಮ್ಮವರೇ ಇದ್ದಾರಲ್ಲ ಎಂಬ ಧೈರ್ಯದ ಮೇಲೆ ಭಾವ ಶಂಕ್ರಪ್ಪ ಹೊಸ ಹಲಗೆಗೆ ಅರ್ಜಿ ಬರೆದುಕೊಂಡು, ಒಂದು ಚೀಲ ಶೇಂಗಾ ಹೊತ್ತುಕೊಂಡು ಕಾಕಾನ ಮನೆಗೆ ಬಂದರು. ಕಾಕಾ ಶೇಂಗಾ ಮುಟ್ಟಲಿಲ್ಲ. ಆ ವಿಷಯದಲ್ಲಿ ಅವರು ಕಡುಪ್ರಾಮಾಣಿಕರು. ಭಾವನಿಗೆ ಚಹಾ ಕೊಟ್ಟು, ಹೊತ್ತು ಮುಳುಗುವತನಕ ಉಪಗ್ರಹದ ವಿಷಯ ಹೇಳಿ, ಬಂದ ಚೀಲದೊಂದಿಗೇ ವಾಪಸು ಕಳಿಸಿದರು.

ಊರವರು ಕಾಯಲಿಲ್ಲ. ಭಾವ ಜಾಲಿಯ ಕಂಬ ಕಡಿದು, ಹಳೆಯ ಬಾಗಿಲಿನ ಹಲಗೆ ಬಡಿದು, ಡಾಂಬರಿನಿಂದ ಊರ ಹೆಸರು ಬರೆದು, ಬಾಣದ ಗುರುತು ಹಾಕಿ ಕವಲಿನಲ್ಲಿ ನಿಲ್ಲಿಸಿದರು. ಅಕ್ಷರ ತಿದ್ದಿದವಳು ಅಕ್ಕ. ಸುದ್ದಿ ಕಾಕಾನ ಕಿವಿಗೆ ಬಿತ್ತು. ಸರ್ಕಾರಿ ರಸ್ತೆಯ ಮೇಲೆ ಖಾಸಗಿ ಹಲಗೆ ಇರಕೂಡದೆಂದು ಟಿಪ್ಪಣಿ ಬರೆದು, ಗ್ಯಾಂಗಿನ ಆಳುಗಳನ್ನು ಕಳಿಸಿ ಕೀಳಿಸಿದರು. ನಮ್ಮವರದೇ ಆದರೇನು, ಕಾಯಿದೆ ಎಲ್ಲರಿಗೂ ಒಂದೇ ಎಂದು ನನ್ನ ಮುಂದೆ ಹೆಮ್ಮೆಯಿಂದ ಹೇಳಿಕೊಂಡರು. ಅದರ ಜಾಗದಲ್ಲಿ ಕಚೇರಿಯ ಹಲಗೆಯನ್ನು ಮಾತ್ರ ನೆಡಿಸಲಿಲ್ಲ.

ಮುಂದಿನ ಸುಗ್ಗಿಯಲ್ಲಿ ರಾಶಿ ಮಷಿನ್ನಿನ ತಿರುಗುವ ಪಟ್ಟಾಕ್ಕೆ ಭಾವನ ಬಲಗೈ ಸಿಕ್ಕಿತು. ಪಕ್ಕದೂರಿನ ಪೋಸ್ಟಿನಿಂದ ಗದಗಿಗೆ ಫೋನು ಮಾಡಿ ಬಾಡಿಗೆ ಕಾರು ತರಿಸಿದರು. ಚಕ್ಕಡಿಯಲ್ಲಿ ಹಾಕಿದರೆ ಕುಲುಕಾಟಕ್ಕೆ ರಕ್ತ ಇನ್ನೂ ಹೆಚ್ಚು ಹೋದೀತೆಂದು ಕಾರಿಗೇ ಕಾದರು. ಡ್ರೈವರ್ ಈ ಕಡೆಗೆ ಹೊಸಬ. ಕವಲಿನಲ್ಲಿ ನಿಂತು ಎರಡೂ ಕಡೆ ನೋಡಿ ಎಡಕ್ಕೆ ತಿರುಗಿಸಿದ. ಖಣಿಯಲ್ಲಿ ಅಂದು ಕೆಲಸವಿರಲಿಲ್ಲ, ಕೇಳಲು ಒಂದು ನರಪಿಳ್ಳೆಯೂ ಇರಲಿಲ್ಲ. ಹುಡುಕಾಡಿ, ತಿರುಗಿ ಬಂದು ಊರು ಮುಟ್ಟುವ ಹೊತ್ತಿಗೆ ಭಾವನಿಗೆ ಎಚ್ಚರ ತಪ್ಪಿತ್ತು. ಜೀವ ಉಳಿಯಿತು. ಕೈಯನ್ನು ಮೊಣಕೈಯ ಮೇಲೆ ಕತ್ತರಿಸಬೇಕಾಯಿತು. ಸ್ವಲ್ಪ ಮೊದಲು ತಂದಿದ್ದರೆ ಕೈ ಉಳಿಸಬಹುದಿತ್ತು ಎಂದು ಡಾಕ್ಟರು ಹೇಳಿದ್ದನ್ನು ಅಕ್ಕ ನಾನು ಇಬ್ಬರೂ ನಿಂತು ಕೇಳಿದೆವು.

ಕಾಕಾ ದವಾಖಾನೆಗೆ ಬಂದರು. ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತರು. ಬೇರೆ ಯಾರಾದರೂ ಆಗಿದ್ದರೆ ಮುಖ ತೋರಿಸಿ ಎದ್ದು ಹೋಗುತ್ತಿದ್ದರು. ಕಾಕಾನ ನಾಲಿಗೆ ತಡೆಯಲಿಲ್ಲ. "ನನಗೂ ಮೋಸ ಆತವಾ, ನೀಲವ್ವ," ಎಂದರು. "ಆ ಉಪಗ್ರಹದ ಸುದ್ದಿ ಈಗ ಓದಿದೆ. ಖರೇ ಜಾಗಾ ಸೈನ್ಯದವ್ರಿಗೆ ಅಷ್ಟ ತೋರಸ್ತಾರಂತ. ನಾಗರಿಕರಿಗೆ ಬೇಕಂತನ ಸ್ವಲ್ಪ ತಪ್ಪಿಸಿ ತೋರಸ್ತಾರಂತ."

ಅಕ್ಕ ಭಾವನ ಮುಖದ ಮೇಲಿನ ನೊಣ ಓಡಿಸುತ್ತಿದ್ದಳು. ತಲೆ ಎತ್ತದೆಯೇ ಹೇಳಿದಳು. "ನಮಗ ತಪ್ಪು ದಾರಿ ತೋರಸಾಕ ಅಷ್ಟು ಮ್ಯಾಲಿನವ್ರು ಯಾಕ ಬೇಕ್ರಿ ಕಾಕಾ? ನೀವ ಇದ್ರೆಲ್ಲ."

ಅಂದಿನಿಂದ ಅವರು ಕಟ್ಟೆಯ ಮೇಲೆ ಕೂರುವುದನ್ನು ಬಿಟ್ಟರು. ಮರುವರ್ಷ ನಿವೃತ್ತರಾದರು. ಅವರ ಜಾಗಕ್ಕೆ ಬಂದವನಿಗೆ ಉಪಗ್ರಹ, ಯೋಜನೆ ಯಾವುದರ ಗೊಡವೆಯೂ ಇರಲಿಲ್ಲ. ಬಂದ ಅರ್ಜಿಗೆ ಸಹಿ ಹಾಕಿಸಿದ, ಅಷ್ಟೆ. ಇಬ್ಬರು ಆಳುಗಳು ಬಂದು ಒಂದು ಮುಂಜಾನೆಯಲ್ಲಿ ಕವಲಿನಲ್ಲಿ ಹಲಗೆ ನಿಲ್ಲಿಸಿ ಹೋದರು. ಅದನ್ನು ನೋಡಿದಾಗ ಬಂದಷ್ಟು ಸಿಟ್ಟು ನನಗೆ ದವಾಖಾನೆಯಲ್ಲೂ ಬಂದಿರಲಿಲ್ಲ. ಇಷ್ಟೇ ಕೆಲಸವಾಗಿತ್ತು.

ಕಾಕಾ ವಾಡೆ ಮಾರಿ ಹುಬ್ಬಳ್ಳಿಯ ಮಗಳ ಮನೆಗೆ ಹೋದರು, ಅಲ್ಲಿಯೇ ತೀರಿಕೊಂಡರು. ಹೋಗುವ ಮೊದಲು ಒಂದು ದಿನ ಅಕ್ಕನ ಊರಿಗೆ ಬಂದಿದ್ದರು. ನಾನು ಅಲ್ಲಿಯೇ ಇದ್ದೆ. ಅಕ್ಕ ನೀರು ಕೊಟ್ಟು ಒಳಗೆ ಹೋದಳು. ಭಾವ ಅಂಗಳದಲ್ಲಿ ಎಡಗೈಯಿಂದ ಜೋಳ ಹರವುತ್ತಿದ್ದರು. ಕಾಕಾ ನೀರು ಕುಡಿಯದೆ ತಂಬಿಗೆ ಕೆಳಗಿಟ್ಟು, ಅಂಗಳಕ್ಕಿಳಿದು, ಮಗನ ವಯಸ್ಸಿನ ಆ ಮನುಷ್ಯನ ಮುಂದೆ ನಿಂತು ಎರಡೂ ಕೈ ಜೋಡಿಸಿದರು.

ಭಾವ ಎದ್ದು ನಿಂತರು. ಮೊಣಕೈಯ ಮೇಲೆಯೇ ಮುಗಿದಿದ್ದ ಬಲಗೈಯಿಂದ ಅಂಗಿಯ ಖಾಲಿ ತೋಳು ಜೋತಾಡುತ್ತಿತ್ತು.

"ಹೊಳ್ಳಿ ಕೈ ಮುಗಿಯಾಕ ನನಗ ಬರೂದಿಲ್ರಿ ಕಾಕಾ," ಎಂದರು. ಆಮೇಲೆ ಕೂತು ಜೋಳ ಹರವತೊಡಗಿದರು.